ಹೂವಿಲ್ಲದಾಗ ಗಿಡ ಎಲ್ಲಿರುತ್ತದೆ? ಮನೆಯ ಹೂಪಾತಿಯ ನೆರವಿನಿಂದ ಬಹುವಾರ್ಷಿಕ ಸಸ್ಯಗಳ ಪಾಠ

ತರಗತಿ: 10
ವಿಷಯ: ವಿಜ್ಞಾನ (ಜೀವಶಾಸ್ತ್ರ)
ಘಟಕ: ಜೀವಿಗಳು ಹೇಗೆ ಸಂತಾನೋತ್ಪತ್ತಿ ನಡೆಸುತ್ತವೆ?
ಉಪಘಟಕ: ಸಸ್ಯಗಳಲ್ಲಿ ಕಾಯಜ ಸಂತಾನೋತ್ಪತ್ತಿ
ಅವಧಿ: 40 ನಿಮಿಷಗಳ 2 ಅವಧಿಗಳು, ನಂತರ ವರ್ಷವಿಡೀ ಮುಂದುವರಿಯುವ ಮನೆಗೆಲಸ

ಪೀಠಿಕೆ

ಬಹುವಾರ್ಷಿಕ ಸಸ್ಯ ಎಂದರೇನು ಎಂದು ಕೇಳಿದರೆ ಹತ್ತನೇ ತರಗತಿಯ ಮಕ್ಕಳು ‘ಎರಡು ವರ್ಷಕ್ಕಿಂತ ಹೆಚ್ಚು ಕಾಲ ಬದುಕುವ ಸಸ್ಯ’ ಎಂದು ತಡವರಿಸದೆ ಹೇಳುತ್ತಾರೆ. ಉದಾಹರಣೆ ಕೇಳಿದರೆ ಮಾವು, ತೆಂಗು, ಹಲಸು ಬರುತ್ತವೆ. ಇವೆಲ್ಲ ವರ್ಷವಿಡೀ ಕಣ್ಣ ಮುಂದೆಯೇ ನಿಂತಿರುವ ಮರಗಳು. ಸೇವಂತಿಗೆ ಬಹುವಾರ್ಷಿಕವೇ ಎಂದು ಕೇಳಿದರೆ ಉತ್ತರ ಅಷ್ಟು ಸಲೀಸಾಗಿ ಬರುವುದಿಲ್ಲ. ಹೂ ಮುಗಿದ ಮೇಲೆ ಒಣಗುತ್ತದೆ, ಆದ್ದರಿಂದ ಸತ್ತಿತು ಎಂದು ಕೆಲವರು ಹೇಳುತ್ತಾರೆ. ಮತ್ತೆ ಚಿಗುರುತ್ತದೆ, ಆದರೆ ಅದು ಬೇರೆ ಗಿಡ ಎಂದು ಇನ್ನು ಕೆಲವರು ಹೇಳುತ್ತಾರೆ. ವ್ಯಾಖ್ಯೆ ಬಾಯಲ್ಲಿದ್ದರೂ ಗಿಡ ಕೈಗೆ ಸಿಕ್ಕಿರುವುದಿಲ್ಲ.

ನನ್ನ ಬೋಧನಾಭ್ಯಾಸ ನಡೆದದ್ದು ಚಿಕ್ಕಬಳ್ಳಾಪುರ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ, ಜುಲೈ ತಿಂಗಳಲ್ಲಿ. ಸುತ್ತಲಿನ ಹೊಲಗಳಲ್ಲಿ ಸೇವಂತಿಗೆ, ಕನಕಾಂಬರ, ಗುಲಾಬಿ ಬೆಳೆಯುತ್ತಾರೆ. ತರಗತಿಯ ಹಲವು ಮಕ್ಕಳ ಮನೆಯಲ್ಲಿ ಹೂ ಕಟ್ಟುವುದು, ಹೂ ಬಿಡಿಸುವುದು ದಿನನಿತ್ಯದ ಕೆಲಸ. ಪಠ್ಯಪುಸ್ತಕದ ‘ಕಾಯಜ ಸಂತಾನೋತ್ಪತ್ತಿ’ ಅವರ ಹಿತ್ತಲಲ್ಲೇ ನಡೆಯುತ್ತಿದೆ. ಆ ಎರಡನ್ನೂ ಒಂದೇ ಮೇಜಿನ ಮೇಲೆ ತರಬೇಕು ಎಂಬುದು ಈ ಪಾಠದ ಆಲೋಚನೆ. ಅದಕ್ಕೆ ಬೇಕಾದ ಸಾಮಗ್ರಿಯೆಲ್ಲ ನಮ್ಮ ಮನೆಯ ಮುಂದಿನ ಹೂಪಾತಿಯಿಂದಲೇ ಸಿಕ್ಕಿತು.

ಪಾಠದ ಉದ್ದಕ್ಕೂ ಒಂದೇ ಪ್ರಶ್ನೆಯನ್ನು ಇಟ್ಟುಕೊಂಡೆ: ಹೂವಿಲ್ಲದಾಗ ಗಿಡ ಎಲ್ಲಿರುತ್ತದೆ?

ಮನೆಯ ಪಾತಿ

ನಮ್ಮ ಮನೆಯ ಪಾತಿ ಸುಮಾರು 12 ಅಡಿ ಉದ್ದ, 3 ಅಡಿ ಅಗಲ. ನೀರು ನಿಲ್ಲದಂತೆ ಅಂಗಳದ ಮಟ್ಟಕ್ಕಿಂತ ಅರ್ಧ ಅಡಿ ಏರಿಸಿ ಮಾಡಿದ್ದು. ಅಮ್ಮ ಮತ್ತು ನಾನು ಇಬ್ಬರೂ ನೋಡಿಕೊಳ್ಳುತ್ತೇವೆ. ಅದರಲ್ಲಿರುವ ಗಿಡಗಳನ್ನು ಅವು ಬದುಕುಳಿಯುವ ರೀತಿಯ ಪ್ರಕಾರ ಹೀಗೆ ವಿಂಗಡಿಸಬಹುದು.

ಸೇವಂತಿಗೆ: ಹೂ ಮುಗಿದ ಮೇಲೆ ಮೇಲಿನ ಕಾಂಡ ಒಣಗುತ್ತದೆ. ಬುಡದಿಂದ, ಮಣ್ಣಿನ ಅಂಚಿನಲ್ಲಿ ಹೊಸ ಚಿಗುರುಗಳು ಏಳುತ್ತವೆ. ಇವನ್ನು ಪುಸ್ತಕದಲ್ಲಿ ಕಂದು ಎನ್ನುತ್ತೇವೆ, ಊರಿನಲ್ಲಿ ಮರಿ ಎನ್ನುತ್ತಾರೆ. ಪ್ರತಿ ಮರಿಗೂ ತನ್ನದೇ ಬೇರುಗಳಿರುತ್ತವೆ.

ಸುಗಂಧರಾಜ: ಮೂಲತಃ ಮೆಕ್ಸಿಕೋದ ಸಸ್ಯ. ಮಣ್ಣಿನೊಳಗೆ ಈರುಳ್ಳಿಯಂಥ ಗಡ್ಡೆ ಇರುತ್ತದೆ. ಒಮ್ಮೆ ಹೂ ಬಿಟ್ಟ ಗಡ್ಡೆ ಮತ್ತೆ ಹೂ ಬಿಡುವುದಿಲ್ಲ. ಅದರ ಸುತ್ತ ಹುಟ್ಟಿದ ಮರಿಗಡ್ಡೆಗಳು ದಪ್ಪವಾಗಿ ಮುಂದೆ ಹೂ ಕೊಡುತ್ತವೆ.

ಹೂಬಾಳೆ ಅಥವಾ ಕ್ಯಾನ್ನಾ: ಮಣ್ಣಿನಡಿ ಅಡ್ಡಲಾಗಿ ಹರಡುವ ದಪ್ಪ ಕಾಂಡ. ಗೆಣ್ಣು, ಶಲ್ಕ ಎಲೆ, ಮೊಗ್ಗು ಎಲ್ಲವೂ ಬರಿಗಣ್ಣಿಗೆ ಕಾಣುತ್ತವೆ. ಶುಂಠಿಯನ್ನು ನೋಡಿದವರಿಗೆ ಇದು ಹೊಸದಲ್ಲ.

ಫುಟ್‌ಬಾಲ್ ಲಿಲ್ಲಿ: ಮೇ ತಿಂಗಳಲ್ಲಿ ಮೊದಲ ಮಳೆ ಬಿದ್ದ ಮೇಲೆ ಚೆಂಡಿನಂಥ ಕೆಂಪು ಹೂ ಬಿಡುತ್ತದೆ. ನಂತರ ಎಲೆಗಳು ಬೆಳೆಯುತ್ತವೆ, ಚಳಿಗಾಲದ ಹೊತ್ತಿಗೆ ಹಳದಿಯಾಗಿ ಒಣಗುತ್ತವೆ. ಆಮೇಲೆ ಕೆಲವು ತಿಂಗಳು ನೆಲದ ಮೇಲೆ ಏನೂ ಇರುವುದಿಲ್ಲ. ಗುರುತಿಗೆ ಒಂದು ಕಡ್ಡಿ ನೆಡದಿದ್ದರೆ ಅಲ್ಲಿ ಗಿಡವಿದೆ ಎಂದು ಯಾರಿಗೂ ಗೊತ್ತಾಗದು.

ಕನಕಾಂಬರ: ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಸಸ್ಯ. ಇದರ ಕಾಂಡ ಒಣಗುವುದಿಲ್ಲ, ಚಿಕ್ಕ ಪೊದೆಯಾಗಿ ಉಳಿಯುತ್ತದೆ. ನಮ್ಮ ಪಾತಿಯಲ್ಲಿರುವುದು ಬೀಜ ಕಟ್ಟುವ ಬಗೆ.

ದುಂಡುಮಲ್ಲಿಗೆ ಮತ್ತು ದಾಸವಾಳ: ಗಟ್ಟಿ ಕಾಂಡದ ಪೊದೆಗಳು. ಕಡ್ಡಿ ನೆಟ್ಟರೆ ಬೇರೂರುತ್ತವೆ. ಬೀಜ ಕಟ್ಟುವ ಸಾಮರ್ಥ್ಯ ಕಳೆದುಕೊಂಡ ಸಸ್ಯಗಳಿಗೆ ಪಠ್ಯಪುಸ್ತಕ ಬಾಳೆ, ಕಿತ್ತಳೆ, ಗುಲಾಬಿಯ ಜೊತೆಗೆ ಮಲ್ಲಿಗೆಯನ್ನೂ ಹೆಸರಿಸುತ್ತದೆ. ಮಕ್ಕಳಿಗೆ ಇದು ಬರೀ ಹೆಸರಾಗಿ ಉಳಿಯದಿರಲು ಮಲ್ಲಿಗೆಯ ಒಂದು ಬೇರೂರಿದ ಕಡ್ಡಿ ಸಾಕು.

ಪಾತಿಯ ಒಂದು ವರ್ಷದ ಕೆಲಸ

ಬಹುವಾರ್ಷಿಕಗಳನ್ನು ಒಮ್ಮೆ ನೆಟ್ಟರೆ ಮುಗಿಯಿತು ಎಂಬ ಮಾತು ಕೇಳುತ್ತೇವೆ. ನೆಡುವ ಕೆಲಸ ಕಡಿಮೆ ಎಂಬುದು ನಿಜ. ನೋಡಿಕೊಳ್ಳುವ ಕೆಲಸ ಮಾತ್ರ ಪ್ರತಿ ವರ್ಷ ಅದೇ ತಿಂಗಳಿಗೆ ಮರಳಿ ಬರುತ್ತದೆ. ನಮ್ಮ ಪಾತಿಯ ಕ್ಯಾಲೆಂಡರ್ ಹೀಗಿದೆ. ಇದನ್ನೇ ಚಾರ್ಟ್ ಮಾಡಿ ತರಗತಿಯಲ್ಲಿ ತೂಗುಹಾಕಿದೆ.

ಜನವರಿ–ಫೆಬ್ರವರಿ: ಹೂ ಮುಗಿದ ಸೇವಂತಿಗೆಯನ್ನು ನೆಲದಿಂದ 4–6 ಅಂಗುಲ ಬಿಟ್ಟು ಕತ್ತರಿಸುವುದು. ಬುಡಕ್ಕೆ ಕೊಟ್ಟಿಗೆ ಗೊಬ್ಬರ ಹಾಕುವುದು. ಮರಿಗಳು ಏಳಲು ಬಿಡುವುದು.

ಮಾರ್ಚ್–ಮೇ: ಬೆಳಿಗ್ಗೆ ಹೊತ್ತು ನೀರು. ತರಗೆಲೆಯ ಹೊದಿಕೆ. ಮಲ್ಲಿಗೆಯ ಹೂಕಾಲ. ಫುಟ್‌ಬಾಲ್ ಲಿಲ್ಲಿಯ ಕಡ್ಡಿಗುರುತು ಇರುವಲ್ಲಿ ಗುದ್ದಲಿ ಹಾಕದಿರುವುದು.

ಜೂನ್–ಜುಲೈ: ಮಳೆ ಹಿಡಿದ ಮೇಲೆ ಸೇವಂತಿಗೆಯ ಮರಿಗಳನ್ನು ಬಿಡಿಸಿ ಒಂದು ಅಡಿ ಅಂತರದಲ್ಲಿ ನೆಡುವುದು. ಎರಡು ಮೂರು ವರ್ಷಕ್ಕೊಮ್ಮೆ ಹೂಬಾಳೆ ಮತ್ತು ಸುಗಂಧರಾಜದ ಗುಂಪನ್ನು ಅಗೆದು ಬೇರ್ಪಡಿಸುವುದು. ದಾಸವಾಳದ ಕಡ್ಡಿ ನೆಡುವುದು.

ಜುಲೈ–ಆಗಸ್ಟ್: ನೆಟ್ಟ ಸುಮಾರು ನಾಲ್ಕು ವಾರಕ್ಕೆ ಸೇವಂತಿಗೆಯ ತುದಿ ಚಿವುಟುವುದು. ಕಳೆ ತೆಗೆಯುವುದು. ನೀರು ಬಸಿದುಹೋಗಲು ಕಾಲುವೆ ಬಿಡಿಸುವುದು.

ಸೆಪ್ಟೆಂಬರ್: ಇನ್ನು ಚಿವುಟುವುದಿಲ್ಲ. ಬಾಗಿದ ಗಿಡಕ್ಕೆ ಊರೆಗೋಲು ಕೊಡುವುದು.

ಅಕ್ಟೋಬರ್–ಡಿಸೆಂಬರ್: ಸೇವಂತಿಗೆಯ ಹೂಕಾಲ. ಬಾಡಿದ ಹೂ ತೆಗೆಯುವುದು. ನವೆಂಬರ್ ಕೊನೆಗೆ ಮಲ್ಲಿಗೆ ಸವರುವುದು. ಫುಟ್‌ಬಾಲ್ ಲಿಲ್ಲಿಯ ಎಲೆ ಹಸಿರಾಗಿರುವಾಗ ಕತ್ತರಿಸದೆ ತಾನಾಗಿ ಒಣಗಲು ಬಿಡುವುದು. ಆ ಎಲೆ ತಯಾರಿಸಿದ ಆಹಾರವೇ ಗಡ್ಡೆಗೆ ಇಳಿದು ಮುಂದಿನ ಮೇ ತಿಂಗಳ ಹೂವಾಗುತ್ತದೆ.

ಈ ಕ್ಯಾಲೆಂಡರಿನ ಪ್ರತಿಯೊಂದು ಸಾಲಿನ ಹಿಂದೆಯೂ ಒಂದು ವಿಜ್ಞಾನದ ಕಾರಣವಿದೆ. ತುದಿ ಚಿವುಟಿದಾಗ ಪಕ್ಕದ ಮೊಗ್ಗುಗಳು ಚಿಗುರುತ್ತವೆ, ಏಕೆಂದರೆ ತುದಿಯಲ್ಲಿ ತಯಾರಾಗಿ ಕೆಳಗಿಳಿಯುವ ಆಕ್ಸಿನ್ ಅವುಗಳನ್ನು ತಡೆಹಿಡಿದಿರುತ್ತದೆ. ಸೇವಂತಿಗೆ ರಾತ್ರಿ ಉದ್ದವಾದಾಗ ಮೊಗ್ಗು ಕಟ್ಟುವ ಸಸ್ಯ, ಆದ್ದರಿಂದ ಸೆಪ್ಟೆಂಬರಿನಲ್ಲಿ ಚಿವುಟಿದರೆ ಕಟ್ಟಬೇಕಾದ ಮೊಗ್ಗೇ ಹೋಗುತ್ತದೆ. ನಮ್ಮ ಕಡೆ ರಾತ್ರಿ ಹೊತ್ತು ಸೇವಂತಿಗೆ ಹೊಲಗಳಲ್ಲಿ ಸಾಲು ಬಲ್ಬು ಉರಿಯುವುದನ್ನು ಎಲ್ಲ ಮಕ್ಕಳೂ ನೋಡಿದ್ದಾರೆ. ಹೂ ತಡವಾಗಿ, ಬೇಕಾದ ಸಮಯಕ್ಕೆ ಬರಲಿ ಎಂದು ರೈತರು ರಾತ್ರಿಯನ್ನು ಹೀಗೆ ‘ಚಿಕ್ಕದು’ ಮಾಡುತ್ತಾರೆ. ನಮ್ಮ ಪಾತಿಯಲ್ಲೂ ಬೀದಿದೀಪದ ಬೆಳಕು ನೇರ ಬೀಳುವ ತುದಿಯ ಗಿಡಗಳು ಉಳಿದವುಗಳಿಗಿಂತ ತಡವಾಗಿ ಮೊಗ್ಗು ಕಟ್ಟುತ್ತವೆ.

ಕಲಿಕಾ ಉದ್ದೇಶಗಳು

1. ಬಹುವಾರ್ಷಿಕ ಸಸ್ಯವು ಪ್ರತಿಕೂಲ ಕಾಲದಲ್ಲಿ ಯಾವ ಭಾಗದ ಮೂಲಕ ಉಳಿಯುತ್ತದೆ ಎಂಬುದನ್ನು ಮಾದರಿ ನೋಡಿ ಗುರುತಿಸುವುದು.
2. ಬೇರು ಮತ್ತು ಭೂಗತ ಕಾಂಡವನ್ನು ಗೆಣ್ಣು, ಮೊಗ್ಗು, ಶಲ್ಕ ಎಲೆಗಳ ಆಧಾರದಿಂದ ಬೇರ್ಪಡಿಸಿ ಹೇಳುವುದು.
3. ಕಾಯಜ ಸಂತಾನೋತ್ಪತ್ತಿಯಿಂದ ಬಂದ ಗಿಡಗಳು ತಾಯಿಗಿಡವನ್ನು ಏಕೆ ಹೋಲುತ್ತವೆ, ಇದರ ಲಾಭ ಮತ್ತು ಅಪಾಯ ಏನು ಎಂಬುದನ್ನು ವಿವರಿಸುವುದು.
4. ಒಂದು ಗಿಡವನ್ನು ಸರಿಯಾಗಿ ವಿಭಜಿಸಿ ನೆಟ್ಟು ದಾಖಲೆ ಇಡುವುದು.

ಪೂರ್ವಜ್ಞಾನ: ಏಕವಾರ್ಷಿಕ, ಬಹುವಾರ್ಷಿಕ ಎಂಬ ಪದಗಳು, ಪಿಷ್ಟದ ಪರೀಕ್ಷೆ, ಹೂವಿನ ಭಾಗಗಳು.

ಬೋಧನೋಪಕರಣಗಳು: ಹೂಬಾಳೆಯ ಭೂಗತ ಕಾಂಡ, ಸುಗಂಧರಾಜದ ಗಡ್ಡೆಗಳ ಗೊಂಚಲು, ಮರಿಗಳಿರುವ ಸೇವಂತಿಗೆಯ ಬುಡ, ಬೇರುಸಹಿತ ಕನಕಾಂಬರ ಗಿಡ ಮತ್ತು ಅದರ ಒಣ ಕಾಯಿಗಳು, ಬೇರೂರಿದ ಮಲ್ಲಿಗೆ ಕಡ್ಡಿ, ಒಣಗಿದ ಚೆಂಡುಹೂ ಗಿಡ, ಆಲೂಗಡ್ಡೆ, ಈರುಳ್ಳಿ, ಅಯೋಡಿನ್ ದ್ರಾವಣ, ಹಳೆಯ ಪತ್ರಿಕೆಗಳು.

ಗೌರಿ ಹೂವಿನ ಗೆಡ್ಡೆಯನ್ನು ಬೇಕೆಂದೇ ತರಲಿಲ್ಲ. ಅದೂ ಮಣ್ಣಿನೊಳಗೆ ಉಳಿದು ಪ್ರತಿ ವರ್ಷ ಚಿಗುರುವ ಒಳ್ಳೆಯ ಉದಾಹರಣೆಯೇ. ಆದರೆ ಅದರಲ್ಲಿ ಕಾಲ್ಚಿಸಿನ್ ಎಂಬ ವಿಷವಿದೆ. ಮಕ್ಕಳು ಮುಟ್ಟಿ, ಕತ್ತರಿಸಿ ನೋಡುವ ಪಾಠಕ್ಕೆ ಅದು ತಕ್ಕದ್ದಲ್ಲ.

ಮೊದಲ ಅವಧಿ

ಐದು ಗುಂಪು ಮಾಡಿ ಪ್ರತಿ ಗುಂಪಿಗೂ ಪತ್ರಿಕೆಯ ಮೇಲೆ ಒಂದೊಂದು ಮಾದರಿ ಇಟ್ಟೆ. ಯಾವುದರಲ್ಲೂ ಹೂ ಇರಲಿಲ್ಲ. ಗಿಡದ ಹೆಸರನ್ನೂ ಹೇಳಲಿಲ್ಲ. ಕಪ್ಪುಹಲಗೆಯ ಮೇಲೆ ಎರಡು ಪ್ರಶ್ನೆ ಮಾತ್ರ ಬರೆದೆ: ಇದು ಮುಂದಿನ ವರ್ಷ ಮತ್ತೆ ಏಳುತ್ತದೆಯೇ? ಏಳುವುದಾದರೆ ಎಲ್ಲಿಂದ? ಬೆರಳಿಟ್ಟು ತೋರಿಸಿ.

‘ಬೆರಳಿಟ್ಟು ತೋರಿಸಿ’ ಎಂಬ ಮಾತು ಈ ಅವಧಿಯ ಜೀವಾಳ. ಅದಿಲ್ಲದಿದ್ದರೆ ಮಕ್ಕಳು ‘ಬೇರಿನಿಂದ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಬೆರಳಿಡಬೇಕಾದಾಗ ಹುಡುಕುತ್ತಾರೆ. ಹೂಬಾಳೆಯ ಗುಂಪು ಮೊದಲು ದಪ್ಪ ಭಾಗವನ್ನೆಲ್ಲ ಬೇರು ಎಂದಿತು. ‘ಬೇರಿಗೆ ಗೆಣ್ಣು ಇರುತ್ತದೆಯೇ?’ ಎಂದು ಕೇಳಿ ಶುಂಠಿಯ ತುಂಡೊಂದನ್ನು ಪಕ್ಕದಲ್ಲಿಟ್ಟೆ. ಐದು ನಿಮಿಷದಲ್ಲಿ ಅವರೇ ಗೆಣ್ಣಿನ ಉಂಗುರ, ಒಣ ಶಲ್ಕ, ಅದರ ಕಂಕುಳಲ್ಲಿ ಮೊಗ್ಗು ಕಂಡುಹಿಡಿದರು. ನಿಜವಾದ ಬೇರುಗಳು ಅಲ್ಲಿಂದ ಕೆಳಕ್ಕೆ ಇಳಿದಿದ್ದ ದಾರದಂಥವು ಎಂದು ಬೇರೆಯಾಗಿ ತೋರಿಸಿದರು.

ಸುಗಂಧರಾಜದ ಗುಂಪಿಗೆ ಗೊಂಚಲಿನ ನಡುವೆ ಒಣಗಿದ ಹೂದಂಟಿನ ಮೊಂಡು ಸಿಕ್ಕಿತು. ಅದರ ಗಡ್ಡೆ ಮೆತ್ತಗೆ, ಸುತ್ತಲಿನವು ಗಟ್ಟಿ. ‘ಅಜ್ಜಿ ನಡುವೆ, ಮಕ್ಕಳು ಸುತ್ತ’ ಎಂದು ಒಬ್ಬ ಹುಡುಗ ವಿವರಿಸಿದ. ಚೆಂಡುಹೂವಿನ ಗುಂಪು ಎಲ್ಲಿ ಹುಡುಕಿದರೂ ಹಸಿರು ಮೊಗ್ಗು ಕಾಣದೆ, ಕೊನೆಗೆ ಒಣ ಹೂವಿನ ಒಳಗಿನ ಕಪ್ಪು ಕಡ್ಡಿಯಂಥ ಬೀಜಗಳ ಮೇಲೆ ಬೆರಳಿಟ್ಟಿತು. ಏಕವಾರ್ಷಿಕಕ್ಕೂ ಬಹುವಾರ್ಷಿಕಕ್ಕೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಎರಡನೇ ಚಟುವಟಿಕೆ ಅಯೋಡಿನ್ ಪರೀಕ್ಷೆ. ಮುಂದಿನ ಚಿಗುರಿಗೆ ಆಹಾರ ಎಲ್ಲಿಂದ ಬರುತ್ತದೆ ಎಂದು ಕೇಳಿದಾಗ ‘ಪಿಷ್ಟ’ ಎಂಬ ಉತ್ತರ ಬಂತು. ಆಲೂಗಡ್ಡೆ, ಹೂಬಾಳೆ, ಈರುಳ್ಳಿ ಮೂರರ ಹೋಳಿಗೂ ಒಂದೊಂದು ಹನಿ ಹಾಕಿದರು. ಆಲೂಗಡ್ಡೆ, ಹೂಬಾಳೆ ಎರಡೂ ಕಡುನೀಲಿಯಾದವು. ಈರುಳ್ಳಿ ಆಗಲಿಲ್ಲ. ಮಕ್ಕಳು ಇನ್ನೊಂದು ಹನಿ, ಮತ್ತೊಂದು ಹನಿ ಹಾಕಿದರೂ ಅಷ್ಟೇ. ಈರುಳ್ಳಿ ಆಹಾರವನ್ನು ಪಿಷ್ಟವಾಗಿ ಕೂಡಿಡದೆ ಸಕ್ಕರೆಗಳ ರೂಪದಲ್ಲಿ ಕೂಡಿಡುತ್ತದೆ ಎಂದು ವಿವರಿಸಿದೆ. ಈರುಳ್ಳಿ ಹುರಿದಾಗ ಸಿಹಿಯಾಗುವುದು ಎಲ್ಲರಿಗೂ ಗೊತ್ತಿದ್ದುದರಿಂದ ಒಪ್ಪಿಕೊಂಡರು. ಎಲ್ಲ ಭೂಗತ ಭಾಗಗಳೂ ಆಹಾರ ಕೂಡಿಡುತ್ತವೆ, ಆದರೆ ಒಂದೇ ರೂಪದಲ್ಲಲ್ಲ ಎಂದು ಮಕ್ಕಳೇ ವಾಕ್ಯ ಮಾಡಿ ಬರೆದರು.

ಎರಡನೇ ಅವಧಿ

ಈ ಅವಧಿಯನ್ನು ಶಾಲೆಯ ನಲ್ಲಿಯ ಪಕ್ಕದ ಖಾಲಿ ಜಾಗದಲ್ಲಿ ಮಾಡಿದೆವು. ಮಾರ್ಗದರ್ಶಿ ಶಿಕ್ಷಕಿಯವರು ಮುಂಚೆಯೇ ಅಲ್ಲಿ ಮಣ್ಣು ಸಡಿಲ ಮಾಡಿಸಿದ್ದರು.

ಸೇವಂತಿಗೆಯ ಬುಡ ಬಿಡಿಸುವುದನ್ನು ನಾನು ಪ್ರಾತ್ಯಕ್ಷಿಕೆಯಾಗಿ ತೋರಿಸಬೇಕು ಎಂದು ಪಾಠಯೋಜನೆಯಲ್ಲಿ ಬರೆದಿತ್ತು. ಮೂರನೇ ಸಾಲಿನಲ್ಲಿ ಕೂರುವ, ತರಗತಿಯಲ್ಲಿ ಹೆಚ್ಚು ಮಾತನಾಡದ ಒಬ್ಬ ಹುಡುಗಿ ‘ಮಿಸ್, ನಡುವಿನದು ಬೇಡ, ಅದು ಕಡ್ಡಿಯಾಗಿದೆ, ಹೊರಗಿನ ಮರಿ ತಗೊಳ್ಳಿ’ ಎಂದಳು. ಅವಳ ತಾಯಿ ಹೂ ಬೆಳೆದು, ಕಟ್ಟಿ, ಮಾರು ಲೆಕ್ಕದಲ್ಲಿ ಮಾರುತ್ತಾರೆ. ಅವಳ ಮಾತು ಪೂರ್ತಿ ಸರಿ. ಹಳೆಯ ಬುಡದ ನಡುಭಾಗ ಮರದಂತೆ ಗಟ್ಟಿಯಾಗಿ ಬಲ ಕಳೆದುಕೊಂಡಿರುತ್ತದೆ, ಅಂಚಿನ ಎಳೆಯ ಮರಿಗಳು ಬೇಗ ಬೇರೂರುತ್ತವೆ. ಕುಡುಗೋಲನ್ನು ಅವಳ ಕೈಗೇ ಕೊಟ್ಟೆ. ಅವಳು ಬಿಡಿಸುತ್ತ ಹೋದಳು, ನಾನು ಅವಳ ಪ್ರತಿ ಕ್ರಿಯೆಗೂ ಪುಸ್ತಕದ ಪದ ಜೋಡಿಸುತ್ತ ಹೋದೆ: ಕಂದು, ಅಸ್ಥಾನಿಕ ಬೇರು, ಗೆಣ್ಣು. ಉದ್ದ ಬೇರನ್ನು ಅವಳು ಒಂದು ಬೆರಳಿನಷ್ಟು ಬಿಟ್ಟು ಕತ್ತರಿಸಿದಳು, ಕೆಳಗಿನ ಎಲೆಗಳನ್ನು ತೆಗೆದಳು. ಎಲೆ ಏಕೆ ತೆಗೆಯಬೇಕು ಎಂದು ಬೇರೆ ಮಕ್ಕಳನ್ನು ಕೇಳಿದಾಗ ಬಾಷ್ಪವಿಸರ್ಜನೆಯ ಪಾಠ ನೆನಪಿಸಿಕೊಂಡು ಉತ್ತರಿಸಿದರು. ಬೇರು ಕಡಿಮೆಯಿರುವಾಗ ಎಲೆ ಹೆಚ್ಚಿದ್ದರೆ ನೀರು ಸಾಲದು.

ಇದನ್ನು ವಿವರವಾಗಿ ಬರೆಯಲು ಕಾರಣವಿದೆ. ಗುಂಪು ಚಟುವಟಿಕೆಯಲ್ಲಿ ಸಾಮಾನ್ಯವಾಗಿ ಮುಂದೆ ಬರುವವರು ಅಂಕ ಚೆನ್ನಾಗಿರುವ ಮಕ್ಕಳು. ಇಲ್ಲಿ ಕೈಗೆ ಬೇಕಾದ ಅರಿವು ಯಾರಲ್ಲಿತ್ತೋ ಅವರು ಮುಂದೆ ಬಂದರು. ಸ್ಥಳೀಯ ವಸ್ತುವನ್ನು ತರಗತಿಗೆ ತಂದರೆ ಸಾಲದು, ಆ ವಸ್ತುವಿನ ಬಗ್ಗೆ ಬಲ್ಲ ಮಗುವಿಗೆ ಶಿಕ್ಷಕರ ಜಾಗ ಬಿಟ್ಟುಕೊಡಬೇಕು.

ಮುಂದಿನ ಚಟುವಟಿಕೆ ಕನಕಾಂಬರದ ಕಾಯಿ. ಒಣ ಕಾಯಿಗಳನ್ನು ತಟ್ಟೆಯಲ್ಲಿಟ್ಟು ನೀರು ಚಿಮುಕಿಸಿದರೆ ಸ್ವಲ್ಪ ಹೊತ್ತಿನಲ್ಲಿ ಅವು ‘ಟಪ್’ ಎಂದು ಸಿಡಿದು ಬೀಜ ಹಾರುತ್ತದೆ. ಮಕ್ಕಳಿಗೆ ಇದು ಆಟ. ಮಳೆ ಬಿದ್ದಾಗಲೇ ಬೀಜ ಚೆಲ್ಲುವುದರಿಂದ ಮೊಳೆಯಲು ತೇವ ಸಿಗುತ್ತದೆ ಎಂಬುದನ್ನು ಅವರೇ ಊಹಿಸಿದರು. ಆಗ ಒಬ್ಬಳು ತಮ್ಮ ಹೊಲದ ‘ಡೆಲ್ಲಿ’ ಕನಕಾಂಬರದಲ್ಲಿ ಇಂಥ ಕಾಯಿಯೇ ಆಗುವುದಿಲ್ಲ ಎಂದಳು. ಆ ಬಗೆಯ ಜೀವಕೋಶಗಳಲ್ಲಿ ವರ್ಣತಂತುಗಳ ಎರಡು ಗಣಗಳ ಬದಲು ಮೂರು ಗಣಗಳಿವೆ. ಲಿಂಗಾಣು ತಯಾರಾಗುವಾಗ ಮೂರನ್ನು ಎರಡು ಸಮ ಪಾಲು ಮಾಡಲಾಗದು, ಆದ್ದರಿಂದ ಬೀಜ ಕಟ್ಟುವುದಿಲ್ಲ, ಕಡ್ಡಿಯಿಂದಲೇ ಬೆಳೆಸಬೇಕು. ಒಂದೇ ಹೆಸರಿನ ಹೂವಿನಲ್ಲಿ ಬೀಜದ ದಾರಿ, ಕಡ್ಡಿಯ ದಾರಿ ಎರಡೂ ಸಿಕ್ಕಿದ್ದರಿಂದ ಲೈಂಗಿಕ, ಅಲೈಂಗಿಕ ಸಂತಾನೋತ್ಪತ್ತಿಯ ಹೋಲಿಕೆಗೆ ಬೇರೆ ಕೋಷ್ಟಕ ಬೇಕಾಗಲಿಲ್ಲ.

ಮಕ್ಕಳು ಕೇಳಿದ ಎರಡು ಪ್ರಶ್ನೆಗಳು

ಮೊದಲ ಪ್ರಶ್ನೆ: ‘ಮಿಸ್, ಈ ಸೇವಂತಿಗೆಗೆ ಎಷ್ಟು ವಯಸ್ಸು?’

ನಮ್ಮ ಪಾತಿಯ ಸೇವಂತಿಗೆಯನ್ನು ಅಮ್ಮ ಮದುವೆಯಾಗಿ ಬಂದ ಮರುವರ್ಷ ತವರಿನಿಂದ ತಂದು ನೆಟ್ಟಿದ್ದರು. ಅದನ್ನು ಮಕ್ಕಳಿಗೆ ಹೇಳಿದೆ. ಗಿಡದಲ್ಲಿ ಈಗಿರುವ ಯಾವ ಕಾಂಡಕ್ಕೂ, ಯಾವ ಎಲೆಗೂ ಒಂದು ವರ್ಷ ತುಂಬಿಲ್ಲ. ಆದರೂ ಅದು ನನಗಿಂತ ಹಿರಿಯದು. ಹಾಗಾದರೆ ಇದು ಹಳೆಯದೋ ಹೊಸದೋ? ತರಗತಿ ಚರ್ಚೆ ಮಾಡಿತು. ಶರೀರ ಹೊಸದು, ಡಿಎನ್‌ಎ ನಕಲಾಗುತ್ತ ಬಂದ ವಂಶದ ಎಳೆ ಹಳೆಯದು ಎಂಬಲ್ಲಿಗೆ ಬಂದು ನಿಂತರು. ‘ಎರಡು ವರ್ಷಕ್ಕಿಂತ ಹೆಚ್ಚು ಬದುಕುವ ಸಸ್ಯ’ ಎಂಬ ವ್ಯಾಖ್ಯೆಯಲ್ಲಿ ಬದುಕುವುದು ಯಾವುದು ಎಂಬ ಪ್ರಶ್ನೆ ಅಡಗಿದೆ ಎಂದು ಅವರಿಗೆ ಹೊಳೆಯಿತು.

ಎರಡನೇ ಪ್ರಶ್ನೆ ಹಿಂದಿನ ಬೆಂಚಿನ ಹುಡುಗನಿಂದ ಬಂತು: ‘ನಮ್ಮ ಹೊಲದಲ್ಲಿ ಕನಕಾಂಬರ ಪೂರ್ತಿ ಸೊರಗಿ ಹೋಯಿತು. ಅಪ್ಪ ಎಲ್ಲಾ ಕಿತ್ತು ಹಾಕಿದರು. ಒಂದೂ ಉಳಿಯದ ಹಾಗೆ ಒಟ್ಟಿಗೇ ಯಾಕೆ ಹೋದವು ಮಿಸ್?’

ಪಠ್ಯದ ಉತ್ತರ ಬಾಯಿತುದಿಯಲ್ಲೇ ಇರುತ್ತದೆ: ಕಡ್ಡಿಯಿಂದ ಬಂದ ಗಿಡಗಳಲ್ಲಿ ಭಿನ್ನತೆ ಇಲ್ಲ, ಒಂದನ್ನು ಕೊಲ್ಲಬಲ್ಲ ರೋಗ ಎಲ್ಲವನ್ನೂ ಕೊಲ್ಲಬಲ್ಲದು. ತತ್ವ ಸರಿ. ಆದರೆ ಒಂದು ಮನೆಯ ನಷ್ಟಕ್ಕೆ ಇದೇ ಕಾರಣ ಎಂದು ಹೊಲ ನೋಡದೆ ಹೇಳುವುದು ವಿಜ್ಞಾನವಲ್ಲ. ಮಗು ಆ ಮಾತನ್ನು ಮನೆಗೆ ಹೊತ್ತೊಯ್ಯುತ್ತದೆ, ಅಪ್ಪ ಮಾಡಿದ್ದು ತಪ್ಪು ಎಂದು ಅದಕ್ಕೆ ಅರ್ಥ ಮಾಡಿಕೊಳ್ಳುತ್ತದೆ.

ಆದ್ದರಿಂದ ಉತ್ತರದ ಬದಲು ಮೂರು ಮರುಪ್ರಶ್ನೆ ಕೊಟ್ಟೆ. ಗಿಡ ಬೀಜದ್ದೋ ಕಡ್ಡಿಯದ್ದೋ? ಕಿತ್ತಾಗ ಬೇರಿನಲ್ಲಿ ಗಂಟುಗಳಿದ್ದವೋ? ಮಳೆಯಲ್ಲಿ ಹೊಲದಲ್ಲಿ ನೀರು ನಿಂತಿತ್ತೋ? ಕನಕಾಂಬರಕ್ಕೆ ಬೇರುಗಂಟು ಮಾಡುವ ಜಂತುಹುಳುಗಳ ಕಾಟ ಹೆಚ್ಚು. ಸೊರಗು ರೋಗದ ಶಿಲೀಂಧ್ರ ಮಣ್ಣಿನಲ್ಲೇ ಉಳಿಯುತ್ತದೆ. ನಿಂತ ನೀರು ಬೇರಿಗೆ ಗಾಳಿ ಸಿಗದಂತೆ ಮಾಡುತ್ತದೆ. ಇವು ಮೂರೂ ಇಡೀ ಹೊಲವನ್ನು ಒಟ್ಟಿಗೇ ಹಿಡಿಯಬಲ್ಲವು. ಗಿಡಗಳೆಲ್ಲ ಒಂದೇ ತಾಯಿಯವಾದರೆ ತಡೆದುಕೊಳ್ಳುವ ಒಂದೆರಡು ಉಳಿಯುವ ಸಾಧ್ಯತೆ ಇನ್ನೂ ಕಡಿಮೆಯಾಗುತ್ತದೆ. ಭಿನ್ನತೆಯ ಪಾಠ ಬರುವುದು ಈ ಜಾಗದಲ್ಲಿ.

ನಮ್ಮ ಪಾತಿಯಲ್ಲಿ ಕನಕಾಂಬರದ ಪಕ್ಕ ಚೆಂಡುಹೂ ಹಾಕುತ್ತೇವೆ, ಮಣ್ಣಿಗೆ ಬೇವಿನ ಹಿಂಡಿ ಸೇರಿಸುತ್ತೇವೆ. ಚೆಂಡುಹೂವಿನ ಬೇರು ಜಂತುಹುಳುಗಳನ್ನು ತಗ್ಗಿಸುತ್ತದೆ. ಮನೆಯ ಪಾತಿಯ ಈ ಕ್ರಮವನ್ನು ಹೇಳಿದೆ. ಹೊಲದ ಮಟ್ಟಿಗೆ ಬೇರಿನ ಮಾದರಿ ತೆಗೆದುಕೊಂಡು ತೋಟಗಾರಿಕೆ ಇಲಾಖೆಯ ಕಚೇರಿಗೋ ಕೃಷಿ ವಿಜ್ಞಾನ ಕೇಂದ್ರಕ್ಕೋ ತೋರಿಸುವುದು ಸರಿ ಎಂದೂ ಹೇಳಿದೆ. ಮರುದಿನ ಆ ಹುಡುಗ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹೊಲದ ಬದುವಿನಲ್ಲಿ ಬಿದ್ದಿದ್ದ ಒಣ ಬೇರುಗಳನ್ನು ತಂದ. ಕೈಮಸೂರದಲ್ಲಿ ನೋಡಿದಾಗ ಅಲ್ಲಲ್ಲಿ ಗಂಟಿನಂಥ ಉಬ್ಬುಗಳು ಕಂಡವು. ಅದನ್ನು ಅಪ್ಪನಿಗೆ ತೋರಿಸುವುದಾಗಿ ಹೇಳಿ ಅವನು ಮತ್ತೆ ಕಟ್ಟಿಕೊಂಡು ಹೋದ.

ಮೌಲ್ಯಮಾಪನ

ಲಿಖಿತ ಮೌಲ್ಯಮಾಪನಕ್ಕೆ ಕೊಟ್ಟ ಪ್ರಶ್ನೆಗಳು:

1. ಫುಟ್‌ಬಾಲ್ ಲಿಲ್ಲಿಯ ಹಸಿರು ಎಲೆಗಳನ್ನು ಹೂ ಮುಗಿದ ಕೂಡಲೇ ಕತ್ತರಿಸಿದರೆ ಮುಂದಿನ ವರ್ಷ ಏನಾಗಬಹುದು? ಕಾರಣ ಕೊಡಿ.
2. ಹೂಬಾಳೆಯ ಮಣ್ಣಿನೊಳಗಿನ ಭಾಗ ಬೇರಲ್ಲ, ಕಾಂಡ. ಎರಡು ಆಧಾರ ಬರೆಯಿರಿ.
3. ಒಂದೇ ಮಲ್ಲಿಗೆ ಬಳ್ಳಿಯಿಂದ ಹತ್ತು ಕಡ್ಡಿ ನೆಟ್ಟಿದ್ದೀರಿ. ಇದರಿಂದ ಒಂದು ಅನುಕೂಲ, ಒಂದು ಅಪಾಯ ಬರೆಯಿರಿ.
4. ಬೀದಿದೀಪದ ಅಡಿಯ ಸೇವಂತಿಗೆ ತಡವಾಗಿ ಹೂ ಬಿಟ್ಟಿದೆ. ಇದನ್ನು ಪರೀಕ್ಷಿಸಲು ಎರಡು ಕುಂಡಗಳಿಂದ ಸರಳ ಪ್ರಯೋಗ ಯೋಜಿಸಿ.

ನಾಲ್ಕನೇ ಪ್ರಶ್ನೆಗೆ ಬಂದ ಉತ್ತರಗಳಲ್ಲಿ ಕೆಲವರು ಒಂದು ಕುಂಡಕ್ಕೆ ರಾತ್ರಿ ಬಕೆಟ್ ಕವುಚುವ ಉಪಾಯ ಬರೆದಿದ್ದರು. ಎರಡೂ ಕುಂಡಗಳಿಗೆ ಒಂದೇ ತಾಯಿಗಿಡದ ಮರಿ ನೆಡಬೇಕು, ಇಲ್ಲದಿದ್ದರೆ ವ್ಯತ್ಯಾಸ ಬೆಳಕಿನದೋ ಗಿಡದ್ದೋ ತಿಳಿಯದು ಎಂದು ಒಂದು ಗುಂಪು ಸೇರಿಸಿತ್ತು. ಪ್ರಯೋಗದಲ್ಲಿ ಒಂದು ಅಂಶ ಬಿಟ್ಟು ಉಳಿದೆಲ್ಲ ಸಮವಿರಬೇಕು ಎಂಬುದು ಅವರಿಗೆ ಗಿಡದ ಮೂಲಕ ಬಂತು.

ಮನೆಗೆಲಸ: ಒಂದು ಮರಿ, ಒಂದು ವರ್ಷ

ಪ್ರತಿ ಮಗುವೂ ಒಂದು ಸೇವಂತಿಗೆ ಮರಿ ಮನೆಗೆ ಒಯ್ದಿತು. ಅಂಗಳವಿಲ್ಲದವರು ತೂತು ಮಾಡಿದ ಎಣ್ಣೆ ಡಬ್ಬ, ಒಡೆದ ಬಕೆಟ್ ಬಳಸಿದರು. ನೋಟ್ ಪುಸ್ತಕದಲ್ಲಿ ತಿಂಗಳಿಗೊಂದು ಪುಟ: ಗಿಡದ ಎತ್ತರ, ಕವಲುಗಳ ಸಂಖ್ಯೆ, ಮಾಡಿದ ಕೆಲಸ, ಕಂಡ ಬದಲಾವಣೆ. ಚಿವುಟಿದ ದಿನ, ಮೊದಲ ಮೊಗ್ಗಿನ ದಿನ, ಮೊದಲ ಹೂವಿನ ದಿನ ಕಡ್ಡಾಯವಾಗಿ ಬರೆಯಬೇಕು. ಹೂ ಮುಗಿದ ಮೇಲಿನ ಎರಡು ಪುಟಗಳು ಎಲ್ಲಕ್ಕಿಂತ ಮುಖ್ಯ ಎಂದು ಒತ್ತಿ ಹೇಳಿದ್ದೇನೆ, ಏಕೆಂದರೆ ಪಾಠದ ಪ್ರಶ್ನೆಗೆ ಉತ್ತರ ಅಲ್ಲಿದೆ.

ಪಾತಿ ಯಾರದು?

ಬೋಧನಾಭ್ಯಾಸದಲ್ಲಿ ಮಾಡುವ ಚಟುವಟಿಕೆಗಳಿಗೆ ಒಂದು ಮಿತಿ ಇದೆ. ನಾವು ಕೆಲವು ವಾರ ಇದ್ದು ಹೊರಡುತ್ತೇವೆ. ಚಾರ್ಟು ಗೋಡೆಯ ಮೇಲೆ ಉಳಿಯುತ್ತದೆ, ಪಾತಿ ಹಾಗೆ ಉಳಿಯುವುದಿಲ್ಲ. ಜುಲೈನಲ್ಲಿ ನೆಟ್ಟ ಸೇವಂತಿಗೆ ಹೂ ಬಿಡುವುದು ಅಕ್ಟೋಬರ್ ನಂತರ. ಅದು ನಿಜವಾಗಿ ಬಹುವಾರ್ಷಿಕ ಎಂದು ತೋರಿಸುವುದು ಜನವರಿಯಲ್ಲಿ ಕತ್ತರಿಸಿ, ಮತ್ತೆ ಮರಿ ಎದ್ದಾಗ. ಆ ಹೊತ್ತಿಗೆ ಹತ್ತನೇ ತರಗತಿಯವರು ಪರೀಕ್ಷೆಯ ಸಿದ್ಧತೆಯಲ್ಲಿರುತ್ತಾರೆ, ಮುಂದಿನ ಮಳೆಗಾಲಕ್ಕೆ ಶಾಲೆಯಲ್ಲೇ ಇರುವುದಿಲ್ಲ. ನೆಟ್ಟವರು ಯಾರೂ ಎರಡನೇ ಹೂವನ್ನು ಶಾಲೆಯಲ್ಲಿ ನೋಡುವುದಿಲ್ಲ.

ಇದಕ್ಕೆ ಮಾರ್ಗದರ್ಶಿ ಶಿಕ್ಷಕಿಯವರ ಜೊತೆ ಕೂತು ಒಂದು ಏರ್ಪಾಟು ಮಾಡಿದೆವು. ಹತ್ತನೇ ತರಗತಿಯ ಪ್ರತಿ ಗುಂಪಿಗೂ ಎಂಟನೇ ತರಗತಿಯ ಇಬ್ಬರು ಮಕ್ಕಳು ಜೊತೆ. ಬುಡ ಬಿಡಿಸುವುದನ್ನು ಹತ್ತನೆಯವರು ಎಂಟನೆಯವರಿಗೆ ಮಾಡಿ ತೋರಿಸಿದರು. ಕ್ಯಾಲೆಂಡರ್ ಚಾರ್ಟಿನ ಪ್ರತಿ ತಿಂಗಳ ಎದುರು ಜವಾಬ್ದಾರಿ ಹೊತ್ತ ಗುಂಪಿನ ಹೆಸರಿದೆ. ಎಂಟನೆಯವರು ಮೂರು ವರ್ಷ ಶಾಲೆಯಲ್ಲಿರುತ್ತಾರೆ, ಹತ್ತಕ್ಕೆ ಬಂದಾಗ ಅವರೇ ಮುಂದಿನ ಎಂಟನೆಯವರಿಗೆ ಕಲಿಸುತ್ತಾರೆ. ನೆಡುವುದನ್ನು ಕಲಿಸಿದ ಪಾಠ ಒಂದು ಅವಧಿಯದು, ಒಪ್ಪಿಸುವುದನ್ನು ಕಲಿಸಿದ ಪಾಠ ಶಾಲೆಯದು.

ಸಹ 
ಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸೂಚನೆಗಳು

ಮಾದರಿಗಳನ್ನು ಹಿಂದಿನ ದಿನ ಸಂಜೆ ಅಗೆದು, ಒದ್ದೆ ಗೋಣಿಯಲ್ಲಿ ಸುತ್ತಿಡಿ. ಬೇರಿನ ಮಣ್ಣನ್ನು ತರಗತಿಗೆ ಮುಂಚೆ ತೊಳೆದರೆ ಗೆಣ್ಣು, ಮೊಗ್ಗು ಚೆನ್ನಾಗಿ ಕಾಣುತ್ತವೆ.

ಹೂ ಇರುವ ಗಿಡವನ್ನು ಈ ಪಾಠಕ್ಕೆ ತರಬೇಡಿ. ಮಕ್ಕಳ ಕಣ್ಣು ಹೂವಿನ ಮೇಲೆ ನಿಲ್ಲುತ್ತದೆ, ಬುಡಕ್ಕೆ ಇಳಿಯುವುದಿಲ್ಲ.

ಕುಡುಗೋಲು, ಕತ್ತರಿ ಬಳಸುವಾಗ ಗುಂಪಿಗೆ ಒಂದೇ ಆಯುಧ ಕೊಡಿ, ಪಕ್ಕದಲ್ಲೇ ಇರಿ. ಕೆಲಸ ಮುಗಿದ ಮೇಲೆ ಎಲ್ಲರೂ ಸೋಪು ಹಾಕಿ ಕೈ ತೊಳೆಯಲಿ.

ನಿಮ್ಮ ಊರಿನಲ್ಲಿ ಸಿಗುವ ಗಿಡವನ್ನೇ ಆರಿಸಿ. ಉಡುಪಿ, ಹಡಗಲಿ, ಮೈಸೂರು ಕಡೆಯವರಿಗೆ ಆಯಾ ಊರಿನ ಹೆಸರಿನ ಮಲ್ಲಿಗೆಯೇ ಇದೆ. ಅದನ್ನು ಬೆಳೆಸುವವರ ಮನೆಯ ಮಗು ತರಗತಿಯಲ್ಲಿದ್ದರೆ ಪಾಠದ ಅರ್ಧ ಭಾಗ ಆ ಮಗುವಿನ ಬಳಿ ಆಗಲೇ ಇದೆ.

ಮಕ್ಕಳ ಪದವನ್ನು ತಿದ್ದಿ ಅಳಿಸಬೇಡಿ. ಕಪ್ಪುಹಲಗೆಯಲ್ಲಿ ‘ಮರಿ’ ಎಂದು ಬರೆದು ಅದರ ಪಕ್ಕ ‘ಕಂದು’ ಎಂದು ಬರೆಯಿರಿ. ಪರೀಕ್ಷೆಗೆ ಎರಡನೆಯದು ಬೇಕು, ಅರ್ಥಕ್ಕೆ ಮೊದಲನೆಯದು ಬೇಕು.

ಕೊನೆಯದಾಗಿ, ನೀವು ಶಾಲೆ ಬಿಡುವ ದಿನ ನೋಡಿಕೊಳ್ಳುವ ಮಕ್ಕಳ ಪಟ್ಟಿಯೊಂದನ್ನು ಶಾಲೆಯ ವಿಜ್ಞಾನ ಶಿಕ್ಷಕರಿಗೆ ಕೊಟ್ಟು ಬನ್ನಿ. ಆ ಪಟ್ಟಿಯಲ್ಲಿ ಕಿರಿಯ ತರಗತಿಯ ಹೆಸರುಗಳಿರಲಿ.